ಏಳನೆಯ ಅಂಕಣದ ಹೆಸರು

ಹತ್ತಿರ ಬಾ, ಬಾಗಿಲು ಮುಂದೆ ಮಾಡು. ಇದನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಅಂತ ನಿನ್ನ ಮನೆದೇವರ ಮೇಲೆ ಆಣೆ ಇಡು. ಇಟ್ಟೆಯಾ? ಸರಿ, ಕೇಳು.

ಬಹಳ ಕಾಲದ ಹಿಂದೆ, ನನ್ನ ಬಾಯಲ್ಲಿ ಹಲ್ಲೆಲ್ಲ ಇದ್ದಾಗ, ನೀಲಗೊಂಡ ಅಂತ ಒಂದು ರಾಜ್ಯ. ಅಲ್ಲಿನ ಅರಮನೆಯಲ್ಲಿ ಒಂದು ಮಹಾಪಟ್ಟಿ. ಮಗು ಹುಟ್ಟಿ ಅತ್ತ ಕೂಡಲೇ ಅದರ ಹೆಸರಿನಲ್ಲಿ ಪಟ್ಟಿಯಲ್ಲಿ ಒಂದು ಸಾಲು ತಾನಾಗಿ ಮೂಡುತ್ತಿತ್ತು. ಸಾಲಿಗೆ ಏಳು ಅಂಕಣ, ಪ್ರತಿ ಅಂಕಣದ ನೆತ್ತಿಗೂ ಒಂದು ಹೆಸರು. ಆ ಪಟ್ಟಿಗೆ ಸುಳ್ಳು ಬರುತ್ತಿರಲಿಲ್ಲ, ಅಳಿಸಿದರೆ ಅಳಿಯುತ್ತಿರಲಿಲ್ಲ. ರಾಜ ವೀರಭೂಪನಿಗೆ ಅದೇ ಗಂಟಲ ಮುಳ್ಳು. ಮಸಿರಾಯನೆಂಬ ಮಾಂತ್ರಿಕನನ್ನು ಕರೆಸಿದ. ಅಂಕಣದ ಹೆಸರುಗಳೆಲ್ಲ ಸಾಲುಗಳ ಹಿಂದೆ ಅಡಗಲಿ ಅಂತ ಅವನು ಮಂತ್ರ ಹಾಕಿದ. ಅಡಗಿದವು.

ಹೆಸರಿಲ್ಲದ ಅಂಕಣ ಅಂದರೆ ಗೊತ್ತಲ್ಲ, ಬಲವಿದ್ದವನು ಹೇಳಿದ್ದೇ ಅರ್ಥ. ಏಳನೆಯದರ ಹೆಸರು ರಾಜದ್ರೋಹ ಅಂದ ಮಸಿರಾಯ. ಅಲ್ಲಿ 'ಹೌದು' ಅಂತಿದ್ದವರನ್ನು ಒಬ್ಬೊಬ್ಬರನ್ನಾಗಿ ಕಲ್ಲು ಮಾಡಿ ಅಂಗಳದಲ್ಲಿ ನಿಲ್ಲಿಸಿದ. ಹದಿನಾರು ಜನ. ಹದಿನೇಳನೆಯ ಸರದಿ ನಮ್ಮ ಪಕ್ಕದ ಮನೆಯ ನೇಕಾರ ಗುರುಸಿದ್ದನದು.

ಅವನ ಹೆಂಡತಿ ಚೆನ್ನಾಜಿ, ಮಾತು ಕಡಿಮೆ, ಸೊಕ್ಕು ಜಾಸ್ತಿ, ಅರಮನೆಗೆ ಹೋಗಿ ಅಂಕಣದ ನಿಜವಾದ ಹೆಸರು ತೋರಿಸಿ ಅಂದಳು. ಮಸಿರಾಯ ನಕ್ಕ. ಪಟ್ಟಿ ಕಾಯುವ ಯಾಳಿಯನ್ನು, ಅದೇ ಸಿಂಹದ ಮೈ ಆನೆಯ ಸೊಂಡಿಲಿನ ಮೃಗವನ್ನು, ದಿನಕ್ಕೆ ಒಂದು ಸಲ, ಮೂರು ದಿನ ಕೇಳಬಹುದು, ಕೇಳಿದ ಸಾಲನ್ನು ಅದು ಸೊಂಡಿಲಲ್ಲಿ ತಂದುಕೊಡುತ್ತದೆ, ಹೆಸರು ಸಿಗದ ಒಂದೊಂದು ದಿನಕ್ಕೂ ನಿನ್ನ ಗಂಡ ಅಷ್ಟಷ್ಟೇ ಕಲ್ಲಾಗುತ್ತಾನೆ ಅಂದ.

ಮೊದಲನೆಯ ದಿನ ಗಂಡನ ಸಾಲು ಕೇಳಿದಳು. ಯಾಳಿ ತಂದಿತು. ಏಳನೆಯದರಲ್ಲಿ 'ಹೌದು'. ನೆತ್ತಿಯ ಮೇಲೆ ಏನೂ ಇಲ್ಲ. ಗುರುಸಿದ್ದ ಮೊಣಕಾಲವರೆಗೆ ಕಲ್ಲಾದ.

ಎರಡನೆಯ ದಿನ ಎಲ್ಲರ ಸಾಲೂ ತಾ ಅಂದಳು. ತಂದಿತು. ಸಾಲುಗಳ ರಾಶಿಯಲ್ಲಿ ಕತ್ತಿನವರೆಗೆ ಹೂತುಹೋದಳು, ಸಂಜೆಯವರೆಗೆ ಒಂದೊಂದನ್ನೇ ತಿರುವಿ ನೋಡಿದಳು, ಹೆಸರು ಸಿಗಲಿಲ್ಲ. ಗುರುಸಿದ್ದ ಸೊಂಟದವರೆಗೆ ಕಲ್ಲಾದ.

ಮೂರನೆಯ ದಿನ ಬೆಳಿಗ್ಗೆ ಮಗ್ಗದ ಮುಂದೆ ಸುಮ್ಮನೆ ಕೂತಿದ್ದಳು. ಉದ್ದದ ಎಳೆಗಳ ಹಾಸು ಕಟ್ಟಿತ್ತು, ಅಡ್ಡ ಎಳೆಯ ಹೊಕ್ಕು ಇನ್ನೂ ಹಾಕಿರಲಿಲ್ಲ. ಬಟ್ಟೆ ನೇಯ್ದ ಮೇಲೆ ಹಾಸಿನ ಎಳೆ ಯಾರ ಕಣ್ಣಿಗೆ ಬೀಳುತ್ತದೆ? ನೇಯುವ ಮೊದಲು ನೋಡು, ಯಾವ ಬಣ್ಣ ಎಲ್ಲಿದೆ ಅಂತ ಕುರುಡನೂ ಹೇಳಿಯಾನು. ಎದ್ದು ಓಡಿದಳು.

"ಯಾಳಿ, ಯಾವತ್ತೂ ಹುಟ್ಟದೇ ಇರುವವನ ಸಾಲು ತಾ" ಅಂದಳು.

ಯಾಳಿ ಹುಡುಕಿತು. ಸಾಲಿಲ್ಲ. ಕೇಳಿದ್ದನ್ನು ತಾರದೆ ಬರುವಂತಿಲ್ಲ, ಇದ್ದ ಸಾಲುಗಳನ್ನೆಲ್ಲ ಬದಿಗೆ ಸರಿಸಿ ಬರಿದಾದ ಪಟ್ಟಿಯನ್ನೇ ಎತ್ತಿ ಹಿಡಿಯಿತು. ಒಂದೂ ಸಾಲಿಲ್ಲದ ಮೇಲೆ ಹೆಸರುಗಳು ಯಾರ ಹಿಂದೆ ಅಡಗಬೇಕು? ಏಳೂ ಬೆಳಗಿದವು. ಹೆಸರು, ತಾಯಿ, ಊರು, ಕಸುಬು, ವಯಸ್ಸು, ಮದುವೆ. ಏಳನೆಯದು, 'ರಾಜನ ಸಂತಾನವೇ?'

ಚೆನ್ನಾಜಿ ಗಟ್ಟಿಯಾಗಿ ಓದಿದಳು. ಮಂತ್ರ ಒಡೆಯಿತು, ಮಸಿರಾಯ ಮಸಿಯಾಗಿ ಹರಿದು ಬಚ್ಚಲು ಸೇರಿದ. ಕಲ್ಲಾದವರೆಲ್ಲ ಮೈ ಕೊಡವಿ ನಿಂತರು. ನೋಡಿದರೆ ಎಲ್ಲರಿಗೂ ಅದೇ ಮೂಗು, ಸಿಂಹಾಸನದ ಮೇಲಿದ್ದವನ ಮೂಗು. ರಾಜನ ಮುಖ ನೋಡಬೇಕಿತ್ತು ನೀನು.

ಆಮೇಲೆ ಎಲ್ಲರೂ ಸುಖವಾಗಿದ್ದರು. ಹದಿನೇಳು ಜನರಿಗೂ ಅರಮನೆಯಲ್ಲಿ ಪಾಲು ಸಿಕ್ಕಿತು. ಗುರುಸಿದ್ದ ಅಲ್ಲೇ ಉಳಿದ. ಹೆಂಡತಿಗೆ ಒಂದು ಪೀತಾಂಬರ ಕಳಿಸಿದ, ಬೇರೆ ಯಾರೋ ನೇಯ್ದದ್ದು. ಅವಳು ಮಗ್ಗಕ್ಕೆ ಹೊಕ್ಕು ಹಾಕಿದಳು.

ನಾನು ಸುಮ್ಮನಿರುವವಳೇ? ಅವಳತ್ತೆ ಅರಮನೆಗೆ ಸೀರೆ ಕೊಡಲು ಹೋಗಿ ಮೂರು ದಿನ ಬಿಟ್ಟು ಬರುತ್ತಿದ್ದದ್ದು, ಹಿಂಬಾಗಿಲ ಕಾವಲುಗಾರ ಕಂಡದ್ದು, ಎಲ್ಲವನ್ನೂ ಬಾವಿಕಟ್ಟೆಯಲ್ಲಿ ನಾಲ್ಕು ಹೆಂಗಸರಿಗೆ ಒಗ್ಗರಣೆ ಹಾಕಿ ಹೇಳುತ್ತಿದ್ದೆ. ಚೆನ್ನಾಜಿ ಬಂದು ಕೊಡ ಕೆಳಗಿಟ್ಟಳು. ದನಿ ಏರಿಸದೆ ನನಗೇ ಅಂದಳು:

"ಗೌರಕ್ಕ, ಎರಡನೆಯ ದಿನ ನಿನ್ನ ಮಗನ ಸಾಲೂ ನನ್ನ ಮಡಿಲಿಗೇ ಬಿತ್ತು. ಏಳನೆಯದರಲ್ಲಿ 'ಹೌದು' ಅಂತಿತ್ತು. ಅವನ ಸರದಿ ಬರುವ ಮೊದಲೇ ಹೆಸರು ಸಿಕ್ಕಿತು, ಪುಣ್ಯ. ಹೇಳು, ನಮ್ಮತ್ತೆಯ ಸುದ್ದಿ ಎಲ್ಲಿಗೆ ಬಂತು? ನಾನೂ ಕೂತು ಕೇಳುತ್ತೇನೆ."