ಚಿಲ್ಲರೆ ವಿಷಯ

ವಿದೇಶಿ ನೋಟು ಬದಲಾಯಿಸಿಕೊಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಮಗಳ ಕಿವಿಯ ಆಪರೇಷನ್ನಿಗೆ ಮುಂಗಡ ಕೇಳಿದಾಗ ಯಜಮಾನರು ತಲೆ ಕೂಡ ಎತ್ತಲಿಲ್ಲ. "ಅಂಗಡಿ ದುಡ್ಡು ಬೇರೆ, ನನ್ನ ದುಡ್ಡು ಬೇರೆ ಕಣಯ್ಯ. ಎರಡನ್ನೂ ಕಲಸಿದ್ರೆ ನಾಳೆ ಬಾಗಿಲು ಹಾಕ್ಬೇಕಾಗುತ್ತೆ" ಎಂದರು. ಆಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಿದೇಶ ಸುತ್ತಲು ಹೊರಟರು. ಬಂದವರು ಅವನ ಕೈಗೊಂದು ಚಾಕೊಲೇಟು ಇಟ್ಟು, ಅಲ್ಲಿನ ಕಾಫಿಯ ಬೆಲೆ, ಹೋಟೆಲಿನ ಹಾಸಿಗೆ, ಟ್ಯಾಕ್ಸಿಯವನ ಜೊತೆ ಆಡಿದ ಜಗಳ ಎಂದು ಅರ್ಧ ದಿನ ಕೊರೆದರು. ಅವನು ಹೂಂಗುಟ್ಟುತ್ತಲೇ ಇದ್ದ. ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಈ ವರ್ಷ ದಾಟಿದರೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ, ಮಾತು ಕಲಿಯುವ ವಯಸ್ಸು ಮೀರುತ್ತದೆ ಎಂದಿದ್ದರು ಡಾಕ್ಟರು. ಹೆಂಡತಿಯ ಬಳೆಗಳು ಹೋಗಿದ್ದವು. ಭಾವನ ಮುಂದೆ ಹಲ್ಲುಗಿಂಜಿದ್ದೂ ಆಗಿತ್ತು. ಮಗಳು "ಅಪ್ಪ" ಎನ್ನುವುದನ್ನು ಒಮ್ಮೆಯಾದರೂ ಕೇಳಬೇಕು ಎಂಬ ಆಸೆಯಲ್ಲಿ ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಉಳಿದದ್ದು ಅಂಗಡಿಯ ಕೆಳಗಿನ ಡ್ರಾಯರ್.

ಅದರೊಳಗೆ ಒಂದು ದೇಶದ ಸತ್ತ ನೋಟುಗಳ ಕಟ್ಟು ಬಿದ್ದಿತ್ತು. ಆ ಸರಕಾರ ಹಳೆಯ ದೊಡ್ಡ ನೋಟನ್ನು ರದ್ದು ಮಾಡಿ ಅದೇ ಬಣ್ಣದ, ಅದೇ ರಾಜನ ಮುಖದ ಹೊಸದನ್ನು ತಂದಾಗ, ಬದಲಾಯಿಸುವ ಗಡುವು ತಪ್ಪಿಸಿಕೊಂಡ ಯಜಮಾನರು ಬಾಯಿ ಬಾಯಿ ಬಡಿದುಕೊಂಡು, ಆಮೇಲೆ ಮರೆತೂಬಿಟ್ಟಿದ್ದರು. ಎರಡಕ್ಕೂ ಇದ್ದ ವ್ಯತ್ಯಾಸ ಹೊಸದರ ಅಂಚಿನಲ್ಲಿ ಬೆರಳಿಗೆ ತಾಕುವ ಒಂದು ಬೆಳ್ಳಿಗೆರೆ ಮಾತ್ರ. ಹೊಸಬರಿಗೆ ಅದು ತಿಳಿಯುವುದಿಲ್ಲ.

ಬೇಕಿದ್ದದ್ದು ಮರಳಿ ಬಾರದ ಗಿರಾಕಿ. ಟೀಚರಮ್ಮ ಸಿಕ್ಕರು. ನಿವೃತ್ತರಾಗಿ, ಮನೆ ಮಾರಿ, ಆ ದೇಶದಲ್ಲಿರುವ ಅಕ್ಕನ ಜೊತೆ ಉಳಿದ ಕಾಲ ಕಳೆಯಲು ಹೊರಟವರು. ವಿಮಾನ ಹತ್ತುವುದು ಇದೇ ಮೊದಲು. ಕಾರ್ಡೆಂದರೆ ನಂಬಿಕೆಯಿಲ್ಲ, ಎಲ್ಲವೂ ನೋಟೇ ಆಗಬೇಕು. ಅಲ್ಲಿ ಹೋದಮೇಲೆ ಗೊತ್ತಾದರೂ ನೋಟು ಎಲ್ಲಿ ಅದಲುಬದಲಾಯಿತೆಂದು ಯಾರು ಹೇಳಬಲ್ಲರು? ಪಾಪ ಅನ್ನಿಸಿತು. ಅವರಿಗೆ ಅಕ್ಕ ಇದ್ದಾಳೆ, ನನ್ನ ಮಗಳಿಗೆ ಯಾರಿದ್ದಾರೆ ಎಂದು ಮನಸ್ಸಿನ ಬಾಯಿ ಮುಚ್ಚಿಸಿದ.

ಕ್ಯಾಮೆರಾ ಕೌಂಟರನ್ನು ನೋಡುತ್ತದೆ, ಕಪಾಟಿನ ಹಿಂದಿನ ಮೂಲೆಯನ್ನಲ್ಲ. ಲಕೋಟೆ ಸಿದ್ಧಮಾಡುವ ನೆಪದಲ್ಲಿ ಅಲ್ಲೇ ಕೆಲಸ ಮುಗಿಸಿದ. ಹೊಸ ನೋಟುಗಳು ಊಟದ ಡಬ್ಬಿಯ ತಳಕ್ಕೆ, ಹಳೆಯವು ಲಕೋಟೆಗೆ. ಎಲ್ಲವೂ ದೊಡ್ಡ ನೋಟುಗಳೇ. ಕಟ್ಟು ತೆಳ್ಳಗಿತ್ತು, ಹೆಂಗಸರ ಪರ್ಸಿಗೆ ಹೇಳಿ ಮಾಡಿಸಿದ ಹಾಗೆ. ಡಬ್ಬಿಯಲ್ಲಿದ್ದದ್ದನ್ನು ಸಂಜೆ ಊರಾಚೆಯ ಅಂಗಡಿಗಳಲ್ಲಿ ಚೂರುಚೂರಾಗಿ ಮಾರಿ ನೇರ ಆಸ್ಪತ್ರೆಗೆ ಹೋಗುವುದು. ಯಜಮಾನರು ಬ್ಯಾಂಕಿಗೆ ಹೋಗುವ ಹೊತ್ತಿಗೇ ಟೀಚರಮ್ಮನಿಗೆ ಬರಹೇಳಿದ್ದ.

ಅವರು ಬಂದು ನಿಧಾನವಾಗಿ ಎಣಿಸಿದರು. "ಎಷ್ಟು ಚೆನ್ನಾಗಿವೆಯಪ್ಪ, ಖರ್ಚು ಮಾಡೋಕೇ ಮನಸ್ಸು ಬರಲ್ಲ" ಎಂದು ನಕ್ಕರು.

"ಬರ್ತೀನಪ್ಪ" ಎಂದು ಎದ್ದರು. ಹೋಗುವವರೆಲ್ಲ ಹೇಳುವ ಮಾತು.

"ಹೋಗಿ ಬನ್ನಿ ಅಮ್ಮ" ಎಂದ ಅವನು. ಬರದೇ ಇರಲಿ ಎಂದು ಒಳಗೊಳಗೇ ಬೇಡಿಕೊಂಡ. ಅವರ ಬೆನ್ನು ಮರೆಯಾದ ಮೇಲೆ, ಮಗಳೊಂದಿಗೆ ಆಸ್ಪತ್ರೆಯಲ್ಲಿ ಕೂತಿದ್ದ ಹೆಂಡತಿಗೆ ದುಡ್ಡು ಸಿಕ್ಕಿತೆಂದು ಮೆಸೇಜು ಹಾಕಿದ.

ಯಜಮಾನರು ಬ್ಯಾಂಕಿನಿಂದ ಬಂದು ಫ್ಯಾನಿನ ಕೆಳಗೆ ಕೂತಿದ್ದರಷ್ಟೆ, ಬಾಗಿಲು ತೆರೆಯಿತು. "ಬರ್ತೀನಿ ಅಂದಿದ್ದೆನಲ್ಲ, ಬಂದೇಬಿಟ್ಟೆ ನೋಡಪ್ಪ!" ಟೀಚರಮ್ಮ ಏದುಸಿರು ಬಿಡುತ್ತ ಲಕೋಟೆಯನ್ನು ಕೌಂಟರಿನ ಮೇಲಿಟ್ಟರು. "ಅಕ್ಕ ಫೋನಲ್ಲಿ ಬೈದಳು. ಇಳಿದ ತಕ್ಷಣ ಟ್ಯಾಕ್ಸಿಗೆ ಚಿಲ್ಲರೆ ಬೇಡ್ವೇನೇ, ಅಷ್ಟು ದೊಡ್ಡ ನೋಟು ಅಲ್ಲಿ ಯಾರೂ ಮುಟ್ಟಲ್ಲ ಅಂದಳು. ಒಂದೆರಡು ಮುರಿದುಕೊಡಿ." ಅವನ ಕೈ ಮುಂದೆ ಹೋಗುವಷ್ಟರಲ್ಲಿ ಯಜಮಾನರದು ಹೋಗಿಯಾಗಿತ್ತು. "ನನ್ನ ಜೊತೆ ಆ ಟ್ಯಾಕ್ಸಿಯವನು ಜಗಳ ತೆಗೆದದ್ದೂ ಇದಕ್ಕೇ ಅಮ್ಮ! ಇವನಿಗೆ ಅರ್ಧ ದಿನ ಕೂತು ಹೇಳಿದ್ದೀನಿ. ಏನಯ್ಯ, ನಿನಗೂ ಕಿವಿ ಕೇಳಲ್ವಾ?" ಇಷ್ಟು ವರ್ಷ ಅವನು ಎಷ್ಟೋ ದೇಶಗಳ ನೋಟು ಮುಟ್ಟಿದವನು, ಅವುಗಳಲ್ಲಿ ಒಂದನ್ನು ಕೊಟ್ಟು ಒಂದು ಲೋಟ ಕಾಫಿ ಕುಡಿದವನಲ್ಲ. ಜೇಬಿನಲ್ಲಿ ಹೆಂಡತಿಯ ಕರೆಗೆ ಫೋನು ಬಡಿದುಕೊಳ್ಳತೊಡಗಿತು. ಯಜಮಾನರು ನಗುತ್ತಲೇ ನೋಟೊಂದನ್ನು ಎಳೆದು, ಅಭ್ಯಾಸದಂತೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ಒಂದು ಸಲ ಹೋಯಿತು, ತಿರುಗಿ ಬಂತು, ಅಲ್ಲಿಲ್ಲದ ಗೆರೆಯನ್ನು ಹುಡುಕುತ್ತ ನಿಂತುಬಿಟ್ಟಿತು.