ಚಿಪ್ಪಿನ ಮಣಿಯ ಬೆಲೆ

"ಇದು ಚೀಟಿಂಗ್!"

ಹರ್ಷಿಣಿ ಕೂಗಿದ ರಭಸಕ್ಕೆ ಐದನೇ ಕ್ಲಾಸಿನ ಮಾರ್ಕೆಟ್ ಒಮ್ಮೆಲೇ ಸುಮ್ಮನಾಯಿತು.

ರಿಷಭ್ ನಗುತ್ತಾ ಕೈಯಲ್ಲಿದ್ದ ಪ್ಯಾಕೆಟ್ ಅಲುಗಿಸಿದ. ಒಳಗಿದ್ದ ಬಿಳಿ ಪ್ಲಾಸ್ಟಿಕ್ ಮಣಿಗಳು ಗಲಗಲ ಎಂದವು. "ಏನ್ ಚೀಟಿಂಗು? ಮಣಿ ಅಂದ್ರೆ ಮಣಿ. ಸ್ಟೋರಲ್ಲಿ ಸಿಗತ್ತೆ, ತಗೊಂಡು ಬಂದೆ."

ಅಮೆರಿಕದ ಕೇಟಿ ಎಂಬ ಊರಿನ ಆ ಶಾಲೆಯಲ್ಲಿ ಅಂದು 'ಕಾಲೊನಿ ಮಾರ್ಕೆಟ್'. ಹಿಂದೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದವರ ಹತ್ತಿರ ಬೆಳ್ಳಿ ನಾಣ್ಯ ತೀರಾ ಕಡಿಮೆ ಇತ್ತಂತೆ. ಅದಕ್ಕೇ ಅವರು ಅಲ್ಲಿನ ಮೂಲನಿವಾಸಿಗಳು ಚಿಪ್ಪಿನಿಂದ ಮಾಡುತ್ತಿದ್ದ ಮಣಿಸರವನ್ನು ದುಡ್ಡಿನ ಹಾಗೆ ಬಳಸಿದರಂತೆ. ಮಕ್ಕಳು ಅದನ್ನು ಆಡಿ ಕಲಿಯಲಿ ಎಂದು ಟೀಚರ್ ಮಿಸ್ ಕಾರ್ಟರ್ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಟ್ಟಿದ್ದರು. ಮಣಿ ಮಾಡುವ ಕೆಲಸ ಹರ್ಷಿಣಿಯದು.

ಗ್ಯಾಲ್ವೆಸ್ಟನ್ ಬೀಚಿನಿಂದ ತಂದ ಚಿಪ್ಪುಗಳನ್ನು ಅವಳು ಅಪ್ಪನ ಜೊತೆ ಗರಾಜಿನಲ್ಲಿ ಕೂತು ಉಜ್ಜಿದ್ದಳು, ತೂತು ಕೊರೆದಿದ್ದಳು. ಕೊರೆಯುವಾಗಲೇ ಎಷ್ಟೋ ಚಿಪ್ಪು ಒಡೆದುಹೋಗಿದ್ದವು. ಹೆಬ್ಬೆರಳಿನಲ್ಲಿ ಇನ್ನೂ ಬ್ಯಾಂಡೇಡ್ ಇತ್ತು.

ಮಾರ್ಕೆಟ್ ಶುರುವಾದಾಗ ಅವಳ ಒಂದು ಸರಕ್ಕೆ ಒಂದು ಕ್ಯಾಂಡಲ್ ಸಿಗುತ್ತಿತ್ತು. ರಿಷಭ್ ಪ್ಲಾಸ್ಟಿಕ್ ಮಣಿ ಕೊಟ್ಟು ಕಂಡದ್ದನ್ನೆಲ್ಲ ಕೊಳ್ಳತೊಡಗಿದ ಮೇಲೆ ಒಂದು ಕ್ಯಾಂಡಲಿಗೆ ಹತ್ತು ಸರ ಬೇಕಾಯಿತು. ಈಗಂತೂ ಯಾರೂ ಮಣಿ ಮುಟ್ಟುತ್ತಿರಲಿಲ್ಲ. "ಸಿಲ್ವರ್ ಇದ್ರೆ ಕೊಡು" ಅನ್ನುತ್ತಿದ್ದರು.

"ಮಿಸ್, ಅವನಿಗೆ ಹೇಳಿ!"

"ಪ್ಲಾಸ್ಟಿಕ್ ತರಬಾರದು ಅಂತ ನಾನು ರೂಲ್ ಮಾಡಿರಲಿಲ್ಲ, ಹರ್ಷಿಣಿ" ಎಂದರು ಮಿಸ್ ಕಾರ್ಟರ್. "ಆಗಲೂ ಹೀಗೇ ಆಯಿತು. ಹೊರಗಿನಿಂದ ಬಂದವರು ಲೋಹದ ಡ್ರಿಲ್ ಹಿಡಿದು ರಾಶಿ ರಾಶಿ ಮಣಿ ಮಾಡಿದರು. ಬೆಲೆ ಬಿದ್ದುಹೋಯಿತು. ಆಮೇಲೆ ಅವರೇ, ಇನ್ನು ಮಣಿ ತೆಗೆದುಕೊಳ್ಳುವುದಿಲ್ಲ ಅಂದರು."

"ಮೊದಲಿನಿಂದ ಮಾಡ್ತಿದ್ದವರು? ಅವರು ಏನಂದ್ರು?"

ಮಿಸ್ ಕಾರ್ಟರ್ ಪುಸ್ತಕ ತಿರುವಿ ನೋಡಿದರು. "ನಮ್ಮ ಪುಸ್ತಕದಲ್ಲಿ ಅದು ಇಲ್ಲ."

"ಯಾಕಿಲ್ಲ?"

"ಒಳ್ಳೇ ಪ್ರಶ್ನೆ" ಎಂದರು ಅವರು.

ಹರ್ಷಿಣಿಗೆ ಮೈಯೆಲ್ಲ ಉರಿಯಿತು. ಎಲ್ಲಾ ಸರಗಳನ್ನೂ ಕಸದ ಡಬ್ಬಿಗೆ ಎಸೆದುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಇಶಾನ್ ಓಡುತ್ತಾ ಬಂದ. ಡೆಂಟಿಸ್ಟ್ ಹತ್ತಿರ ಹೋಗಿದ್ದರಿಂದ ಅವನಿಗೆ ತಡವಾಗಿತ್ತು. ಬ್ಯಾಗಿನಿಂದ ಜೋಳದ ಸಿಪ್ಪೆಯ ಗೊಂಬೆಗಳನ್ನು ತೆಗೆದು ಟೇಬಲ್ ಮೇಲೆ ಸಾಲಾಗಿ ನಿಲ್ಲಿಸಿದ. "ಒಂದು ಸರಕ್ಕೆ ಒಂದು ಗೊಂಬೆ!"

ಪಾಪ, ಅವನಿಗೆ ಏನೂ ಗೊತ್ತಿಲ್ಲ.

ಕೆಂಪು ದಾರದ ಸೊಂಟಪಟ್ಟಿಯ ಗೊಂಬೆ ಹರ್ಷಿಣಿಗೆ ತುಂಬಾ ಇಷ್ಟವಾಯಿತು. ನನಗೆ ಎಲ್ಲರೂ ಮೋಸ ಮಾಡಿಲ್ವಾ, ಎಂದುಕೊಂಡಳು. ಸರ ಕೊಟ್ಟು ಗೊಂಬೆ ಎತ್ತಿಕೊಂಡಳು.

ಇಶಾನ್ ಸರವನ್ನು ಕಿಟಕಿಯ ಬೆಳಕಿಗೆ ಹಿಡಿದ. "ವಾವ್! ನೀನೇ ಮಾಡಿದ್ಯಾ? ಇದ್ರಲ್ಲಿ ನಾನು ಅಮ್ಮಂಗೆ ಕ್ಯಾಂಡಲ್ ತಗೋತೀನಿ."

ಹರ್ಷಿಣಿ ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು ಗೊಂಬೆಯನ್ನು ಇದ್ದ ಜಾಗದಲ್ಲೇ ಇಟ್ಟಳು.

"ಇಶಾನ್, ಕ್ಯಾಂಡಲ್ ಸಿಗಲ್ಲ. ಮಣಿ ಈಗ ಯಾರೂ ತಗೋತಿಲ್ಲ."

"ಮತ್ತೆ ನಂಗ್ಯಾಕೆ ಕೊಟ್ಟೆ?"

ಅವಳು ಬಾಯಿ ಬಿಡುವ ಮೊದಲೇ ರಿಷಭ್ ಬಂದು ಟೇಬಲ್ ಮೇಲೆ ಪ್ಯಾಕೆಟ್ ಇಟ್ಟ. "ಇಶಾನ್, ಎಲ್ಲಾ ಗೊಂಬೆ ನಂಗೇ ಕೊಡೋ."

ಹರ್ಷಿಣಿ ಈ ಸಲ ಕೂಗಲಿಲ್ಲ. "ಮಣಿ ನಡೆಯಲ್ಲ ಅಂತ ಮೊದಲು ಅವನಿಗೆ ಹೇಳು, ರಿಷಭ್. ಆಮೇಲೆ ಕೇಳು."

"ಓಹೋ! ನೀನ್ ಹೇಳಿದ್ಯಾ?"

"ಹೇಳಿದೆ" ಎಂದಳು ಹರ್ಷಿಣಿ. ಅವಳ ಕಿವಿ ಬಿಸಿಯಾಯಿತು. "ಗೊಂಬೆ ತಗೊಂಡಾದ ಮೇಲೆ ಹೇಳಿದೆ."