ಐದು ಜೋಳಿಗೆ, ಒಂದು ಹಗ್ಗ

ಮಧ್ಯಾಹ್ನ ಎರಡು ಗಂಟೆ. ಹುಬ್ಬಳ್ಳಿಯ ಚಾಲಕರ ವಿಶ್ರಾಂತಿಗೃಹದಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಇಪ್ಪತ್ತನಾಲ್ಕು ಮಂದಿ ಬಸ್ ಚಾಲಕರು ಹಣೆಗೆ ಬೆಳ್ಳಿಬಣ್ಣದ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಗೊರಕೆಯಿಲ್ಲ, ಹೊರಳಾಟವಿಲ್ಲ. ಆದರೆ ಇಪ್ಪತ್ತನಾಲ್ಕು ಬಲಗೈಗಳು ಒಟ್ಟಿಗೇ ಎದೆಯತ್ತ ಸರಿಯುತ್ತಿದ್ದವು, ಒಟ್ಟಿಗೇ ಸಡಿಲಾಗುತ್ತಿದ್ದವು. ಕಣ್ಣಿಗೆ ಕಾಣದ ಹಗ್ಗವೊಂದನ್ನು ಎಳೆದು ಬಿಟ್ಟಂತೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾ. ಅಡಿವೆಪ್ಪ ಹೊಂಬಳ ಅವರ ಕಣ್ಣುಗಳು ಕೆಂಪಗಿದ್ದವು. ಈ ನಿದ್ದೆಯ ಯಂತ್ರವನ್ನು ಕಟ್ಟಿದವರು ಅವರೇ. ಊರಿಗೆಲ್ಲ ಒಗ್ಗಿದ ಯಂತ್ರ ಅವರೊಬ್ಬರಿಗೆ ಮಾತ್ರ ಒಗ್ಗಿರಲಿಲ್ಲ. ಅವರು ಕಣ್ತುಂಬ ಮಲಗಿ ಒಂಬತ್ತು ವರ್ಷಗಳಾಗಿದ್ದವು.

ಆ ಕಾಲಕ್ಕೆ ದೊಡ್ಡವರಲ್ಲಿ ಮೂವರಿಗೆ ಇಬ್ಬರು ನಿದ್ದೆಗೆಟ್ಟವರೇ. ಕೆಲವರಿಗೆ ನಿದ್ದೆ ಹತ್ತುವುದೇ ಇಲ್ಲ, ಕೆಲವರಿಗೆ ಹತ್ತಿದ್ದು ನಿಲ್ಲುವುದಿಲ್ಲ, ಇನ್ನು ಕೆಲವರಿಗೆ ಮಲಗಿದಲ್ಲೇ ಉಸಿರು ಕಟ್ಟುತ್ತಿತ್ತು. ನುಂಗಿ ನುಂಗಿ ಮಾತ್ರೆಗಳ ಗುಣವೇ ಹೋಗಿತ್ತು. ಆಗ ಹೊಂಬಳ ಅವರು ರೂಪಿಸಿದ್ದು ‘ನಿದ್ರಾವಾಹಿನಿ’. ಚೆನ್ನಾಗಿ ನಿದ್ದೆ ಮಾಡುವ ಒಬ್ಬರ ಮಿದುಳಿನ ಅಲೆಗಳನ್ನು ಬರೆದಿಟ್ಟುಕೊಳ್ಳುವುದು, ಅದು ‘ಮೂಲನಿದ್ರೆ’. ಅದನ್ನು ಪಟ್ಟಿಯ ಮೂಲಕ ಇನ್ನೊಬ್ಬರ ಮಿದುಳಿಗೆ ಹನಿಹನಿಯಾಗಿ ಇಳಿಸುವುದು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ ಹಾಗೆ.

ತೊಡಕಾದದ್ದು ಆ ಮೊದಲ ದೀಪವನ್ನು ಹುಡುಕುವುದು. ಪೈಲ್ವಾನರು, ಅಂಚೆಯವರು, ಗುಡಿಯ ಪೂಜಾರಿಗಳು, ಎಲ್ಲರನ್ನೂ ಮಲಗಿಸಿ ನೋಡಿದ್ದಾಯಿತು. ಎಲ್ಲರ ನಿದ್ದೆಯಲ್ಲೂ ತೂತು. ಎರಡು ವರ್ಷ ಅಲೆದ ಮೇಲೆ ಹೊಂಬಳರಿಗೆ ತಮ್ಮ ತಾಯಿಯ ತವರಿನ ಮೆಣಸಿನಕಾಯಿ ಹೊಲ ನೆನಪಾಯಿತು. ಕುಂದಗೋಳದ ಆಚೆಯ ಆ ಹಳ್ಳಿಯಲ್ಲಿ ಕಾಯಿ ಬಿಡಿಸುವ ದಿನಗಳಲ್ಲಿ ತಾಯಂದಿರೆಲ್ಲ ಹೊಲಕ್ಕಿಳಿದರೆ, ಬಸರಿ ಮರದ ಕೊಂಬೆಗೆ ಸಾಲಾಗಿ ಐದು ಸೀರೆಯ ಜೋಳಿಗೆ ಕಟ್ಟಿ ಮಕ್ಕಳನ್ನು ಕೂಸು ತೂಗುವ ಹುಲಿಗೆವ್ವ ಎಂಬಾಕೆಯ ಪಾಲಿಗೆ ಬಿಡುತ್ತಿದ್ದರು. ಆ ನೆರಳು, ಗಾಳಿಯಲ್ಲಿ ಬರುವ ಒಣಮೆಣಸಿನ ಘಾಟು, ಜೋಳಿಗೆಯ ಸೀರೆಯೊಳಗಿಂದ ಕೆಂಪಗೆ ಕಾಣುವ ಬಿಸಿಲು. ಅಂಥ ನಿದ್ದೆಯನ್ನು ಅವರು ಮತ್ತೆಲ್ಲೂ ಕಂಡಿರಲಿಲ್ಲ. ಹೋಗಿ ನೋಡಿದರೆ ಹುಲಿಗೆವ್ವ ಎಂಬತ್ತೆರಡರಲ್ಲೂ ಮಧ್ಯಾಹ್ನ ಉಂಡು ಕಟ್ಟೆಗೆ ಒರಗಿದರೆ ಸಾಕು, ಬಾವಿಗೆ ಕೊಡ ಇಳಿದ ಹಾಗೆ ನಿದ್ದೆಗೆ ಇಳಿಯುತ್ತಿದ್ದಳು. ಈಗ ಜಿಲ್ಲೆಯೆಲ್ಲ ಮಲಗುತ್ತಿದ್ದುದು ಆಕೆಯ ನಿದ್ದೆಯನ್ನೇ.

ಎಚ್ಚರಾದ ಚಾಲಕ ಭಾಷಾಸಾಬ್ ಪಟ್ಟಿ ಬಿಚ್ಚುತ್ತ ಬಂದ.

“ಸಾಹೇಬ್ರ, ನಿದ್ದಿ ಮಸ್ತ್ ಬರ್ತೈತ್ರಿ. ಆದ್ರ ಈ ಕೈಗೊಂದು ದಾರಿ ಮಾಡ್ರಿ. ನಿನ್ನೆ ಮನ್ಯಾಗ ಮಲಗಿದ್ದೆ. ಎದ್ದು ನೋಡಿದ್ರ ನನ್ನ ಹೇಣ್ತಿ ಜಡಿ ನನ್ನ ಕೈಯಾಗ! ತಾಸುಗಟ್ಲೆ ಎಳದೇನಂತ. ಆಕಿ ತವರಿಗೆ ಹೊಂಟು ನಿಂತಾಳ.”

ನಗುವ ಹೊತ್ತಲ್ಲ. ಪರೀಕ್ಷಾ ಸಮಿತಿಯ ಪತ್ರ ಮೇಜಿನ ಮೇಲಿತ್ತು. ಹದಿನೈದು ದಿನದೊಳಗೆ ಕೈಯ ಸೆಳೆತ ನಿಲ್ಲದಿದ್ದರೆ ಯಂತ್ರದ ಅನುಮತಿ ರದ್ದು.

“ಅದು ಮೂಲನಿದ್ರೆಯೊಳಗೆ ಸೇರಿಕೊಂಡ ಕಸ ಸರ್, ಸೋಸಿ ತೆಗೆದುಬಿಡೋಣ” ಎಂದಳು ಸಹಾಯಕಿ ನಿರುಪಮಾ. ಸೋಸಿದರು. ಕೈಗಳು ನಿಂತವು. ಅರ್ಧ ಗಂಟೆಗೆ ಇಪ್ಪತ್ತನಾಲ್ಕು ಜನವೂ ಎದ್ದು ಕೂತರು. ಮರುದಿನ ಹಾವೇರಿ ರಸ್ತೆಯಲ್ಲಿ ಒಬ್ಬ ಚಾಲಕ ತೂಕಡಿಸಿ ಬಸ್ಸು ಮೈಲಿಗಲ್ಲಿಗೆ ತಾಗಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹೊಂಬಳರು ಸೋಸಿದ್ದನ್ನು ಅಂದೇ ಮರಳಿ ಸೇರಿಸಿದರು. ಮೂಲನಿದ್ರೆಯನ್ನು ಹೊಸದಾಗಿ ಬರೆದುಕೊಳ್ಳಲು ಯಂತ್ರ ಹೊತ್ತುಕೊಂಡು ನಿರುಪಮಾಳೊಂದಿಗೆ ಹಳ್ಳಿಗೆ ಹೋದರು.

“ಆಯಿ, ಇವತ್ತು ಕೈ ಅಲ್ಲಾಡಿಸದ ಮಲಗಬೇಕು” ಎಂದು ಹುಲಿಗೆವ್ವನ ಬಲಗೈಯನ್ನು ಮೆತ್ತಗೆ ಮಂಚಕ್ಕೆ ಕಟ್ಟಿದರು. ಒಂದು ತಾಸು ಕಳೆಯಿತು. ಮುದುಕಿ ಪಿಳಿಪಿಳಿ ಕಣ್ಣು ಬಿಡುತ್ತಲೇ ಇದ್ದಳು.

“ಬಿಚ್ಚೋ ತಮ್ಮಾ. ಕೈ ಕಟ್ಟಿದ್ರ ನಿದ್ದಿ ಹೆಂಗ ಬರ್ತದ? ಐದು ಜೋಳಿಗಿಗೂ ಕೂಡಿ ಒಂದ ಹಗ್ಗ. ಎಳಕೋತನ ಕೂಸು ಮಲಗಿಸ್ತಿದ್ದೆ. ಹಗ್ಗ ಹಗೂರಾತು ಅಂದ್ರ ಅವು ಮಲಗಿದ್ವು ಅಂತ ತಿಳೀತಿತ್ತು. ಆಮ್ಯಾಲ ನನಗ ನಿದ್ದಿ. ಶಿವಾ ಅಂತ ಕಣ್ಣು ಮುಚ್ಚೂದು, ಕೈ ತನ್ನ ಪಾಡಿಗೆ ತಾನು ಎಳೀತಿತ್ತು.”

ಹೊಂಬಳರು ಕಟ್ಟು ಬಿಚ್ಚಿದರು. ತಾವು ಲೋಕಕ್ಕೆ ಹಂಚಿದ್ದು ಮಲಗಿದವಳ ನಿದ್ದೆಯಲ್ಲ, ಮಲಗಿಸಿದವಳ ನಿದ್ದೆ. ಕಸವೆಂದು ಸೋಸಿದ್ದೇ ಅದರ ಬೇರು.

“ಆದ್ರ ಆಯಿ, ನಿನ್ನ ನಿದ್ದಿ ಎಲ್ಲಾರಿಗೂ ಹತ್ತೇತಿ, ನನಗ್ಯಾಕ ಹತ್ತವಲ್ದು?”

ಹುಲಿಗೆವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ನೀ ಐದನೇ ಜೋಳಿಗ್ಯಾನಾಂವ. ಭಾಳ ಹಟಮಾರಿ. ನಾಕು ಮಲಗಿದ್ರೂ ನಿನ್ನಿಂದ ಹಗ್ಗ ಬಿಗೀನ. ಎಳಿಸ್ಕೊಂಡು ಮಲಗಾಂವ ನೀನು, ಎಳಿಯಾಂವ ಅಲ್ಲ. ಏಳು, ಅದರಾಗ ಮಲಗು.”

ಅಂಗಳದ ಬೇವಿನ ಮರಕ್ಕೆ ಮೊಮ್ಮಗಳ ಕೂಸಿಗೆಂದು ಕಟ್ಟಿದ ಜೋಳಿಗೆಯಿತ್ತು. ಐವತ್ತು ದಾಟಿದ ವಿಜ್ಞಾನಿ ಮುದುಡಿಕೊಂಡು ಅದರಲ್ಲಿ ಕೂತರು; ಕಾಲೆರಡೂ ಹೊರಗೆ ನೇತಾಡಿದವು. ನಿರುಪಮಾ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಮುದುಕಿ ಹಗ್ಗ ಎಳೆದಳು. ಸೀರೆಯೊಳಗೆ ಬಿಸಿಲು ಕೆಂಪಗೆ ಹೋಗಿ ಬಂತು, ಹೋಗಿ ಬಂತು. ಅವರು ಕಣ್ಣು ಬಿಟ್ಟಾಗ ಸಂಜೆಯ ಹಕ್ಕಿಗಳು ಮರಕ್ಕೆ ಬಂದಿದ್ದವು. ಕಟ್ಟೆಯ ಮೇಲೆ ಹುಲಿಗೆವ್ವ ನಿದ್ದೆಹೋಗಿದ್ದಳು. ಹಗ್ಗ ಇನ್ನೂ ಆಕೆಯ ಕೈಯಲ್ಲಿ ಆಡುತ್ತಿತ್ತು.

ಹೊಂಬಳರು ಸೆಳೆತವನ್ನು ತೆಗೆಯುವ ಯೋಚನೆ ಬಿಟ್ಟರು. ಬದಲಿಗೆ ಅದರ ತುದಿಗೆ ಒಬ್ಬರನ್ನು ಕಟ್ಟಿದರು. ವಿಶ್ರಾಂತಿಗೃಹದ ಮಂಚಗಳು ಹೋಗಿ ಗಟ್ಟಿ ಬಟ್ಟೆಯ ಜೋಳಿಗೆಗಳು ಬಂದವು. ಒಬ್ಬನ ಕೈಯ ಹಗ್ಗ ಪಕ್ಕದವನ ಜೋಳಿಗೆಗೆ. ಅವನದು ಅವನ ಪಕ್ಕದವನಿಗೆ. ಚಾಲಕರು ಒಬ್ಬರನ್ನೊಬ್ಬರು ತೂಗುತ್ತ ಮಲಗತೊಡಗಿದರು. ಭಾಷಾಸಾಬನ ಹೆಂಡತಿ ತವರಿನಿಂದ ಮರಳಿದಳು.

ಸಮಿತಿ ಬಂದ ಮಧ್ಯಾಹ್ನವೇ ವಿದ್ಯುತ್ತು ಹೋಯಿತು. ನಿರುಪಮಾ ಗಾಬರಿಯಾಗಿ ಬ್ಯಾಟರಿಯ ಕಡೆ ಓಡಿದಳು. ಪಟ್ಟಿಗಳ ದೀಪಗಳು ಆರಿದ್ದವು, ಆದರೆ ಒಬ್ಬ ಚಾಲಕನೂ ಕದಲಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೈಗಳು ಎಂದಿನಂತೆ ಹಗ್ಗ ಎಳೆದು ಬಿಡುತ್ತಿದ್ದವು. ಸಮಿತಿಯ ಅಧ್ಯಕ್ಷೆ ಬಹಳ ಹೊತ್ತು ನೋಡಿ, “ಹೊಂಬಳ ಅವರೇ, ನಿಮ್ಮ ಯಂತ್ರ ಆರಿದೆ. ಹಗ್ಗಕ್ಕೆ ನಮ್ಮ ಅನುಮತಿ ಬೇಕಾಗಿಲ್ಲ” ಎಂದು ಕಡತ ಮುಚ್ಚಿದರು. ಹನ್ನೊಂದು ವರ್ಷದ ದುಡಿಮೆ ಕಣ್ಣೆದುರೇ ಬೇಡದ ವಸ್ತುವಾಯಿತು. ಹೊಂಬಳರಿಗೆ ಯಾಕೋ ದುಃಖ ಬರಲಿಲ್ಲ.

ಇಪ್ಪತ್ತನಾಲ್ಕನೆಯ ಜೋಳಿಗೆಯಲ್ಲಿದ್ದ ಭಾಷಾಸಾಬ್ ಅರ್ಧ ಕಣ್ಣು ತೆರೆದ.

“ಸಾಹೇಬ್ರ, ನನ್ನ ಹಗ್ಗದ ಆಚಿ ತುದಿ ಖಾಲಿ ಐತ್ರಿ. ಎಳದ್ರ ಏನೂ ಹತ್ತವಲ್ದು.”

ಆ ಹಗ್ಗದ ತುದಿಯಲ್ಲಿ ಇಪ್ಪತ್ತೈದನೆಯ ಜೋಳಿಗೆ ಖಾಲಿ ತೂಗಾಡುತ್ತಿತ್ತು. ಹೊಂಬಳರು ಬಗ್ಗಿ ಬೂಟು ಬಿಚ್ಚಿದರು.